ನೀರಿನ ಹದ

ಏಯ್ ತನ್ಮಯಿ, ಬುಡಮ್ಮ ನನ್ನ ಬಲಗೈನ. ಬಚ್ಚಲಲ್ಲಿ ನೀರು ಆರೋಯ್ತದೆ. ಕೂಸಿಗೆ ಎಣ್ಣೆ ಹಚ್ಚಿ ಆಯ್ತು, ಕಾಲು ಒದೀತಾ ಕಾಯ್ತಾವ್ನೆ ನೋಡು ನಿನ್ನ ಮಗ... ಎರಡು ತಿಂಗಳ ಕೂಸಿಗಿರೋ ಅವಸರ ತಾಯಿಗಿಲ್ವಲ್ಲಪ್ಪಾ. ಏನು ನೋಡ್ತಿದ್ದೀಯೆ ಅಷ್ಟೊತ್ತಿಂದ? ಮೊಣಕೈ ಹತ್ರ ಇರೋ ಬಿಳಿ ಮಚ್ಚೇನಾ? ಅದು ಬಿಸಿಲಿಗೆ ಆಗಿರೋದು ಕಣಮ್ಮ. ವರ್ಷವಾಯ್ತು. ನೋವಿಲ್ಲ, ನವೆಯಿಲ್ಲ, ತನ್ನ ಪಾಡಿಗೆ ತಾನು ಅದೆ. ನಮ್ಮಳಿಯನಿಗಿಂತ ವಾಸಿ.

ಯಾಕೆ ನಗ್ತೀಯೆ? ಚರ್ಮದ ಡಾಕ್ಟ್ರು ಅಂತ ಬಾಣಂತನದಲ್ಲೂ ಸುಮ್ನಿರಲ್ವಾ ನೀನು? ನಿಂಗೂ ಇದೇ ಮನೆ ಬಚ್ಚಲಲ್ಲಿ ನೀರು ಹಾಕಿದೋಳು ನಾನು. ಕಾಲು ಚಾಚಿ ಮಲಗಿಸ್ಕೊಂಡು, ದಿನಾ ತೀಡಿ ತೀಡಿ ನೆಟ್ಟಗೆ ಮಾಡಿದ ಮೂಗು ಅದು. ಕೇಳು ನಿಮ್ಮಮ್ಮನ್ನ. ನಿಮ್ಮಮ್ಮ ಕಮಲಮ್ಮೋರೇ ಅಂತಿದ್ರು, 'ದೊಡ್ಡಮ್ಮ, ನಿನ್ನ ಕೈ ಅದ್ದಿದ್ರೆ ಸಾಕು, ನೀರು ತಾನೇ ಹದಕ್ಕೆ ಬರುತ್ತೆ' ಅಂತ. ಚಾಮರಾಜಪುರಂನಲ್ಲಿ ಅರ್ಧ ಜನ ಈ ಕಾಲ ಮೇಲೆ ಅತ್ತು ದೊಡ್ಡೋರಾದೋರೇ.

ಬೆರಳ ಮೇಲಿನ ಬೊಬ್ಬೆನಾ? ಅದೇನಿಲ್ಲ. ಹಾಲಿನ ಪಾತ್ರೆ ಇಳಿಸುವಾಗ ಬಟ್ಟೆ ಹಿಡ್ಯೋದು ಮರ್ತೆ. ಉರೀಲೇ ಇಲ್ಲ. ಕೆಲಸ ಮಾಡಿದ ಕೈ, ಗಟ್ಟಿಯಾಗದೆ ಇರ್ತದಾ?

ಅಯ್ಯಪ್ಪಾ... ಮೊಣಕೈ ಹಿಂದೆ ಯಾಕೆ ಅಂಗೆ ಅಮುಕ್ತೀಯೆ? ಜುಮ್ ಅಂತು. ನರ ದಪ್ಪ ಆಗಿದ್ಯಾ? ಹಗ್ಗದಂಗೆ ಸಿಗ್ತದಾ? ವಯಸ್ಸಾದ್ಮೇಲೆ ಎಲ್ಲಾ ದಪ್ಪ ಆಗ್ತದೆ ಕಣಮ್ಮ, ನನ್ನ ಸೊಂಟ ನೋಡ್ಬಾರ್ದಾ.

ಏನಂದೆ? ಕುಷ್ಠನಾ? ಥೂ, ಬಿಡ್ತು ಅನ್ನು. ನಮ್ಮ ವಂಶದಲ್ಲೇ ಇಲ್ಲ... ಗೊತ್ತು, ಗೊತ್ತು. ಮಾತ್ರೆ ನುಂಗಿದ್ರೆ ವಾಸಿ ಆಗ್ತದೆ. ಆಸ್ಪತ್ರೆ ಗೋಡೆ ಮೇಲೆ ಬರೆದವ್ರೆ, ಮೊಮ್ಮಗಳು ಪ್ರೀತಿ ಓದಿ ಹೇಳವ್ಳೆ. ಆದ್ರೆ ಅದು ಬಂದೋರ ಕೈಗೆ ಯಾರು ಕೂಸು ಕೊಡ್ತಾರೆ ಅಂತ ಗೋಡೆ ಮೇಲೆ ಬರೆದಿಲ್ವಲ್ಲ.

ಸರಿ, ಸರಿ, ಕಣ್ಣು ಮುಚ್ತೀನಿ. ನೀನು ಪೆನ್ನಿನ ತುದೀಲಿ ಯಾವ ಬೆರಳು ಮುಟ್ತೀಯೋ ಅದನ್ನ ಹೇಳ್ಬೇಕು, ಅಷ್ಟೇ ತಾನೇ? ಹ್ಞೂ... ಹೆಬ್ಬೆರಳು. ತೋರುಬೆರಳು. ಆಮೇಲೆ... ನಡುಬೆರಳು. ನೋಡ್ದಾ? ಈಗ ಉಂಗುರದ ಬೆರಳು. ಈಗ ಕಿರುಬೆರಳು. ಐದಕ್ಕೆ ಐದು. ಇಸ್ಕೂಲಿಗೆ ಕಳ್ಸಿದ್ರೆ ನಾನೂ ಡಾಕ್ಟ್ರಾಗ್ತಿದ್ದೆ ಕಣೇ.

ಸರಿ ತಾನೇನಮ್ಮ? ತಪ್ಪಾಯ್ತಾ? ಸಾಲಾಗಿ ತಾನೇ ಮುಟ್ಕೊಂಡು ಬತ್ತಿದ್ದೆ? ...ಅಂದ್ರೆ, ಸಾಲು ನೋಡ್ಕೊಂಡು ಹೇಳ್ದೆ ಅಂತಲ್ಲ. ಗೊತ್ತಾಯ್ತು, ಅದಕ್ಕೇ ಹೇಳ್ದೆ. ಕೊನೇ ಎರಡು ಒಂಚೂರು... ಮಾತಾಡು ತನ್ಮಯಿ.

ರಾಮಕೃಷ್ಣನಗರದ ನಿನ್ನ ಫ್ರೆಂಡು ಸುಷ್ಮಿತಾ ಫೋನ್ ಮಾಡಿದ್ಲಾ? ಅವಳ ಕೂಸಿಗೂ ನಾನೇ ನೀರು ಹಾಕೋದಲ್ವಾ... ಹೋದ ವಾರ ಬೆನ್ನು ಕೆಂಪಗಾಯ್ತು. ಎಣ್ಣೆಗೆ ಅಂದೆ ನಾನು. ಎಣ್ಣೆಗಲ್ಲ ಕಣಮ್ಮ. ಬಲಗೈ ಅದ್ದಿ ನೋಡ್ದೆ, ಹದವಾಗೇ ಅದೆ ಅನ್ನಿಸ್ತು, ಹುಯ್ದೆ. ಕೂಸು ಕಿರುಚಿಕೊಂಡ ಮೇಲೇ ನಂಗೆ ಗೊತ್ತಾಗಿದ್ದು. ಒಂದೇ ಚೊಂಬು. ಬೊಬ್ಬೆ ಬರ್ಲಿಲ್ಲ, ದೇವರು ದೊಡ್ಡೋನು. ಅವತ್ತಿಂದ ಎಡಗೈಲೇ ನೋಡ್ತಿದ್ದೀನಿ, ನಿನ್ನ ಮಗನಿಗೂ. ಮಂಟೇಸ್ವಾಮಿ ಆಣೆ. ಮೂವತ್ತು ವರ್ಷ ಇದೇ ಕೆಲಸ ಮಾಡಿದೋಳು, ನನ್ನ ಕೈಗೆ ನೀರು ಗೊತ್ತಾಗಲ್ಲ ಅಂತ ಎಂಗಮ್ಮ ಬಾಯಿಬಿಟ್ಟು ಹೇಳ್ಲಿ? ನಾಚಿಕೆಯಾಯ್ತು.

ಬೈಯ್ಯೋದಾದ್ರೆ ಬೈದ್ಬುಡು. ಇನ್ನೊಂದ್ಸಲ ಮುಟ್ಟಿ ನೋಡೋದಾದ್ರೆ ಬೇಗ ಮುಟ್ಟು. ಆಗಲ್ವಾ? ಹೋಗ್ಲಿ ಬುಡು, ನಾನೇ ಕಣ್ಣು ಬುಡ್ತೀನಿ...

ಅಯ್ಯೋ ಮಗಳೇ.

ನನ್ನ ಕಿರುಬೆರಳು ಹಿಡ್ಕೊಂಡೇ ಕೂತಿದ್ದೀಯಾ? ಯಾವಾಗಿಂದ?