ಕಿಟಕಿಯಾಚೆ ಹಿಡಿದ ಉಡಿ

ಬ್ಯಾಡ ಮಿಸ್ಸಮ್ಮಾ, ಬ್ಯಾಡ! ಮುಂದಿನ ಬಾಗ್ಲಿಗೆ ಹೋಗಬ್ಯಾಡ್ರಿ! ಇತ್ತಗ ನೋಡ್ರಿ... ಇತ್ತಗ, ಅಡಗಿಮನಿ ಕಿಟಕಿ! ಹ್ಞಾ, ನಾನ, ಚನ್ನವೀರಮ್ಮ. ಜಟಕಾ ಮೂಲ್ಯಾಗ ನಿಂದ್ರಲಿ, ನೀವು ಈ ಸಂದ್ಯಾಗ ಬರ್ರಿ. ಗಟಾರ ಐತಿ, ಬೂಟು ಜ್ವಾಕಿ.

ಬಾಗ್ಲ ತೆಗಿ ಅಂತೀರಾ? ಅಯ್ಯ, ತೆಗೀತಿದ್ದೆನ್ರಿ! ಒಳಗ ಬಾಗ್ಲಿಗೆ ಅಡ್ಡ ಭತ್ತದ ಚೀಲ ಒಟ್ಟ್ಯಾರ, ತಲಿಮಟ. ಗಂಡಸ್ರು ಬಂದ ಸರಿಸಬೇಕು. ಮನಿಯವ್ರೂ ಅತ್ತೀನೂ ಸಿರುಗುಪ್ಪಕ್ಕ ಹೋಗ್ಯಾರ, ಸಂಜಿ ಬಸ್ಸಿಗೆ ಬರ್ತಾರ. ಏನು? ಚೀಲ ಅಡ್ಡ ಇದ್ರ ಅವರು ಹೆಂಗ ಹೋದ್ರು? ಹಿತ್ತಲದಿಂದ ಹೋದ್ರು... ಹಿತ್ತಲ ಬಾಗ್ಲಾಗ ಬ್ಯಾಡ್ರಿ, ಅಲ್ಲಿ ಎಮ್ಮಿ ಕಟ್ಟೀವಿ, ಹಾಯ್ತೈತಿ. ಯಾಕ ನಗ್ತೀರಿ? ಎಮ್ಮೀನೂ ಹಾಯ್ತೈತ್ರಿ, ಸಿಟ್ಟು ಬಂದ್ರ.

ಇರಲಿ. ಕ್ಲಬ್ಬಿನ್ಯಾಗ ನಿಮ್ಮನ್ನ ಬೀಳ್ಕೊಡೋ ಕಾರ್ಯ ಚಲೋ ಆತೇನು? ಜಂಬಮ್ಮ ಹಾರ ಹಾಕಿದ್ಲಾ? ನಾ ಬರಲಿಲ್ಲ ಅಂತ ಬ್ಯಾಸರ ಮಾಡಿಕೊಂಡೀರಿ, ನನಗ ಗೊತ್ತೈತಿ. ತಲಿಶೂಲಿರೀ. ಎದ್ದು ನಿಂದ್ರಾಕಾಗಲಿಲ್ಲ. ಇಲ್ಲಾಂದ್ರ ಬಿಡ್ತಿದ್ನಾ ನಾನು? ಕಂಟೋನ್ಮೆಂಟಿನ್ಯಾಗ ನೀವು ಹೆಂಗಸ್ರ ಕ್ಲಬ್ಬು ತೆಗದಾಗ ಈ ಓಣ್ಯಾಗಿಂದ ಬಂದ ಮೊದಲನೇ ಮೆಂಬರು ನಾನ. ತಲಿತುಂಬ ಸೆರಗು ಹೊದ್ದುಕೊಂಡು ಬರ್ತಿದ್ದೆ, ಒಳಗ ಬಂದ ಕೂಡ್ಲೇ ಸೊಂಟಕ್ಕ ಸಿಗಿಸಿ ಬ್ಯಾಟು ಹಿಡೀತಿದ್ದೆ!

ಉಡಿ ತುಂಬಿ ಕಳಿಸೋಣು ಅಂತ ಹಟ ಮಾಡಿದಾಕೀನೂ ನಾನ. ಜಂಬಮ್ಮ ಏನಂದ್ಲು ಗೊತ್ತೈತೇನು? ‘ತವರಿಂದ ಹೊಂಟಾಕಿಗೆ ಉಡಿ ತುಂಬ್ತಾರವ್ವಾ, ಈಕಿ ವಿಲಾಯತಿಗೆ, ತನ್ನ ತವರಿಗೇ ಹೊಂಟಾಳ. ನಾವ್ಯಾಕ ತುಂಬಬೇಕು?’ ನಾನಂದೆ, ಇಪ್ಪತ್ತು ವರ್ಷ ನಮ್ಮೂರ ನೀರು ಕುಡದಾಳ, ಬಳ್ಳಾರಿನ ಆಕಿ ತವರು! ವಿಲಾಯತಿ ಬೇಕಾರ ಗಂಡನ ಮನಿ ಅನ್ರಿ! ಎಲ್ಲಾರೂ ನಕ್ಕಿದ್ದ ನಕ್ಕಿದ್ದು. ಗಂಡ ಇಲ್ಲದ ಗಂಡನ ಮನಿ... ಪುಣ್ಯಾ ಮಾಡೀರಿ ನೀವು.

ಮದ್ರಾಸಿಗೆ ಬರೋ ಮಾತಾ? ಅದ... ಅದನ್ನ ಹೇಳಬೇಕಂತನ ದಾರಿ ಕಾಯ್ತಿದ್ದೆ. ನಾ ಬರಂಗಿಲ್ರಿ. ನರ್ಸಮ್ಮನ ಕೆಲಸ ಕಲಿಯಾಕ ಸೀಟು ಕೊಡಿಸಿದ್ರಿ, ಜತಿಗೇ ಕರಕೊಂಡು ಹೋಗಿ ಬಿಡ್ತೀನಿ ಅಂದ್ರಿ, ಆ ಉಪಕಾರ ಸಾಯೋಮಟ ಮರಿಯಂಗಿಲ್ಲ. ಆದ್ರ ಮನಸ್ಸು ಬ್ಯಾಡ ಅಂತು. ಇಲ್ಲ, ಇಲ್ಲ, ಯಾರೂ ಏನೂ ಅಂದಿಲ್ಲ! ನಮ್ಮ ಮನಿಯವ್ರು ಈಗ ಖಾದಿ ಹಾಕ್ತಾರ. ಸ್ವರಾಜ್ಯ ಬಂತಂತ ಮೊನ್ನಿ ಬಜಾರದಾಗ ಧ್ವಜ ಏರಿಸಿದ್ರು. ಅಂತಾವ್ರು ಹೇಣ್ತಿನ್ನ ತಡೀತಾರೇನು? ನನಗ ಇಲ್ಲೇ ಕೆಲಸ ಬಾಳ. ತಂಗಿ ಬರ್ತಾಳ...

ಹೌದ್ರಿ, ನನಗ ತಂಗಿ ಇಲ್ಲ. ಕುರುಗೋಡಾಗ ನಮ್ಮವ್ವಗ ನಾನೊಬ್ಬಾಕಿನ. ಒಡಹುಟ್ಟಿದಾಕಿ ಅಲ್ಲ, ಇದು... ಮನಿಗೆ ಬರಾಕಿ. ಸಿರುಗುಪ್ಪದ ಹುಡುಗಿ. ನನಗ ಮಕ್ಕಳಾಗಲಿಲ್ಲ ನೋಡ್ರಿ, ಮನಿ ತುಂಬಬೇಕಲ್ಲ? ಎಲಿ-ಅಡಿಕಿ ಹಿಡದು ಮಾತು ಗಟ್ಟಿ ಮಾಡಾಕ ಹೋಗ್ಯಾರ. ಹಂಗ ನೋಡಬ್ಯಾಡ್ರಿ! ನಾನ ಒಪ್ಪೀನಿ. ಖುಷಿಲೆ ಒಪ್ಪೀನಿ.

ಹೊತ್ತಾತು, ಉಡಿ ಹಿಡೀರಿ. ಸೆರಗಿಲ್ಲದಾಕಿ, ಹೆಂಗ ಹಿಡೀತೀರಿ? ಗೌನ ಹಿಡೀರಿ, ಎರಡೂ ಕೈಲೆ. ಇನ್ನೂ ಮ್ಯಾಲೆ! ನಾಚಬ್ಯಾಡ್ರಿ, ಸಂದ್ಯಾಗ ಯಾರಿಲ್ಲ. ಇದು ಅಕ್ಕಿ... ಬೊಗಸಿ ಈ ಸರಳಿನ್ಯಾಗ ಹಿಡಿಯಂಗಿಲ್ಲ, ಹಿಡಿ ಹಿಡಿ ಹಾಕ್ತೀನಿ. ಅರಿಷಿಣ ಕೊಂಬು. ಉತ್ತತ್ತಿ. ಎಲಿ, ಅಡಿಕಿ. ಇದು ಗುಳೇದಗುಡ್ಡದ ಕಣ, ನೀವೇನು ಕುಬಸ ಹೊಲಿಸಂಗಿಲ್ಲ, ಮೇಜಿನ ಮ್ಯಾಲೆ ಹಾಸ್ರಿ. ಇನ್ನ ಕಾಯಿ... ತಡೀರಿ. ಹಿಂಗ... ಓರಿ ಮಾಡಿದ್ರ... ಹೋಗವಲ್ದಲ್ಲ! ಜುಟ್ಟು ಕಿತ್ತೀನಿ, ಆದ್ರೂ ಹೋಗವಲ್ದು. ಒಡದು ಕೊಡಬಾರದ್ರೀ, ಉಡಿಯಾಗ ಒಡಕು ಕಾಯಿ ಹಾಕಬಾರದು. ಕಾಯಿ ಇಲ್ಲದ ಉಡಿ ಎಲ್ಲರ ಉಂಟಾ?

ಏನು? ಬಾಗ್ಲಾಗ ಇಸಗೊಂತೀರಾ? ಒಂದ ಚೀಲ ನೂಕಿದ್ರ ಕೈ ಹಿಡಿಯೋಟು ಸಂದಿ ಆಗತೈತಾ? ಬ್ಯಾಡ! ಮಿಸ್ಸಮ್ಮಾ, ಎಲ್ಲಿ ಹೊಂಟ್ರಿ? ಅಕ್ಕಿ ಚೆಲ್ತೈತಿ... ಆ ಕಡಿ ನಾಯಿ ಐತ್ರೀ! ಕಚ್ಚತೈತಿ! ಬಾಗ್ಲಿಗೆ ಹೋಗಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ... ಮಿಸ್ಸಮ್ಮಾ...

ಮಿಸ್ಸಮ್ಮಾ, ಅದೀರೇನು?

ಬಂದ್ರಾ. ನಾಯಿ... ಹ್ಞೂ, ನಾಯಿ ಇಲ್ಲ. ಅದು... ಬಾಗ್ಲಿಗೆ ಹಾಕಿದ ಕೀಲಿನಾ? ಓಣ್ಯಾಗ ಕಳ್ಳರ ಕಾಟ ಬಾಳ ಆಗೈತ್ರಿ. ಒಬ್ಬಾಕಿನ ಇರ್ತಾಳ, ಹೆದರ್ತಾಳ ಅಂತ ಹೊರಗಿಂದ... ನನಗ ಅಂಜಿಕಿ ಆಗಬಾರದಂತ ಪಾಪ ಅವರು...

ಏನರ ಅನ್ರಿ. ಬೈರಿ ಬೇಕಾರ. ಹಿಂಗ ಸುಮ್ಮನ ನೋಡ್ಕೊಂತ ನಿಂತ್ರ ನಾ ಎಷ್ಟಂತ ಸುಳ್ಳು ಹೇಳಲಿ?

ಗಂಟು ಕಟ್ಟಿಟ್ಟಿದ್ದೆನ್ರಿ. ಎರಡು ಸೀರಿ, ನೀವು ಕೊಟ್ಟ ಕತ್ತರಿ. ಅತ್ತಿ ಕಣ್ಣಿಗೆ ಬಿತ್ತು. ಅವತ್ತಿಂದ ಎರಡೂ ಬಾಗ್ಲಿಗೆ ಕೀಲಿ. ನಾ ಒಪ್ಪಿಲ್ಲ ಮಿಸ್ಸಮ್ಮಾ, ಯಾವುದಕ್ಕೂ ಒಪ್ಪಿಲ್ಲ. ಕೀಲಿ ನೋಡಿದ್ರ ಊರು ಬಿಡಾಕ ನಿಮಗ ಕಾಲು ಬರಂಗಿಲ್ಲ ಅಂತ ಸುಳ್ಳು ಹೇಳಿದೆ... ಬಾಗ್ಲ ಮುರಿಯೋದು ಬ್ಯಾಡ. ಪೊಲೀಸರಿಗೆ ಹೇಳೋದೂ ಬ್ಯಾಡ, ಅವರೂ ನಮ್ಮ ಮನಿಯವ್ರಿಗೇ ನಮಸ್ಕಾರ ಹೊಡೀತಾರ. ಅಯ್ಯ! ಉಡಿ ಬಿಟ್ಟು ನನ್ನ ಕೈ ಯಾಕ ಹಿಡದ್ರಿ? ಅಕ್ಕಿಯೆಲ್ಲಾ ಗಟಾರಕ್ಕ ಹೋತಲ್ಲ!

ಜಟಕಾದವ ಕೂಗಾಕ ಹತ್ಯಾನ. ಗುಂತಕಲ್ ಗಾಡಿ ತಪ್ಪಿದ್ರ ಮದ್ರಾಸಿನ್ಯಾಗ ನಿಮ್ಮ ಹಡಗೂ ತಪ್ಪತೈತಿ. ಹೋಗ್ರಿ. ಬಸ್ಸು ಬರೋ ಹೊತ್ತು, ಅವರು ನೋಡಿದ್ರ ಈ ಕಿಟಕೀನೂ ಮುಚ್ಚಿಸ್ತಾರ. ಕೈ ಬಿಡ್ರಿ. ಬಿಡ್ರೀ ಅಂದ್ರ...

ಬಿಡಬ್ಯಾಡ್ರಿ.