ಕೌದಿಯ ಅಂಚು, ಗಂಗವ್ವನ ಹುರಿ

ನಿನ್ನ ಕೌದಿ ಸುತ್ತ ಹೊಲಿದಿದ್ದೀಯಲ್ಲ, ಅದನ್ನ ಅಂಚು ಅಂತ ಕರೀಬೇಡ ಸಿಂಚನಾ, ಅದು ಕೆಂಡದ ಮೇಲೆ ಸುಟ್ಟ ಹಪ್ಪಳ. ನಡುವೆಲ್ಲ ಚಂದ ಮಲಗಿದೆ, ಸುತ್ತ ನೋಡಿದ್ರೆ ಎದ್ದೆದ್ದು ಕುಣೀತಾ ಇದೆ. ಇಸ್ತ್ರಿ ಹಾಕಿದ್ರೆ ಕೂರ್ತದೆ ಅಂದ್ರಾ ಮೊಬೈಲಿನಲ್ಲಿ? ಕೂರ್ತದೆ, ಕೂರ್ತದೆ, ನೀನು ಇಸ್ತ್ರಿಪೆಟ್ಟಿಗೆ ಎತ್ತೋವರೆಗೆ ಕೂರ್ತದೆ. ಇಲ್ಲಿ ಬಾ, ಜಗಲಿ ಮೇಲೆ ಕೂತ್ಕೋ. ಇಂಥದೇ ಹಪ್ಪಳ ಮಾಡಿ ನಾನು ಒಂದ್ಸಲ ಇದ್ದ ಒಂದು ಕೆಲಸ ಕಳ್ಕೊಳ್ಳೋದ್ರಲ್ಲಿದ್ದೆ.

ಆಗ ನಿನ್ನ ಅಜ್ಜ ಕಾಲು ಮುರ್ಕೊಂಡು ಮಲಗಿದ್ರು. ಅರಬೈಲು ಘಟ್ಟದಲ್ಲಿ ಲಾರಿ... ಅಲ್ಲ, ಘಟ್ಟದಲ್ಲಿ ಏನೂ ಆಗ್ಲಿಲ್ಲ, ಘಟ್ಟವೆಲ್ಲ ಸರಿಯಾಗಿ ಹತ್ತಿಸಿ ತಂದು, ಶಿರಸಿ ಪೇಟೇಲಿ ನಿಲ್ಸಿದ ಲಾರಿಯಿಂದ ಇಳಿಯೋವಾಗ ಬಿದ್ರು. ಗಂಡಸರ ಶೂರತನ ನೋಡು. ಆರು ತಿಂಗಳು ಮಂಚ. ಮನೇಲಿ ನಿನ್ನಪ್ಪ, ನಿನ್ನ ಸೋದರತ್ತೆ, ಎರಡೂ ಸಣ್ಣವು, ಮೇಲಿಂದ ನನ್ನ ಅತ್ತೆ ಗಂಗವ್ವ. ಮಧ್ಯಾಹ್ನ ಹಲಸಿನ ಬೇಳೆ ಬೇಯಿಸಿ ಉಪ್ಪು ಹಾಕೋದು, ಸಂಜೆಗೆ ಅದರದ್ದೇ ಸಾರು. ಈಗ ಅದನ್ನೇ ರೆಸಾರ್ಟಿನಲ್ಲಿ ಬಟ್ಟಲಲ್ಲಿಟ್ಟು ಕೊಡ್ತಾರೆ, ತಿನ್ನೋಕೆ ಮುಂಚೆ ಫೋಟೋ ತೆಗೀತಾರೆ. ನಾನು ಮುಟ್ಟೂದಿಲ್ಲ, ನನ್ನ ಪಾಲಿಂದು ಆಗ್ಲೇ ತಿಂದಾಗಿದೆ.

ಆವಾಗ ಶಿರಸೀಲಿ ಒಂದು ಹೊಲಿಗೆ ಕೇಂದ್ರ ಶುರುವಾಯ್ತು. ಆರು ಜನ ಹೆಂಗಸರು, ಹಳೇ ಸೀರೆ ಜೋಡಿಸಿ ಕೌದಿ ಹೊಲಿಯೋದು, ಅದು ಮುಂಬೈಗೆ ಪ್ರದರ್ಶನಕ್ಕೆ ಹೋಗ್ತದೆ. ನನ್ನ ಜೀವನದ ಮೊದಲನೇ ಕೆಲಸ. ನಮ್ಮ ಮೇಲೆ ಒಬ್ಬಳು ಮೇಡಂ, ದೊಡ್ಡ ಊರಿಂದ ಬಂದವಳು, ಕುತ್ತಿಗೇಲಿ ಟೇಪು. ತಾಳಿ ತೆಗೆದಾಳು, ಟೇಪು ತೆಗೀಲಿಕ್ಕಿಲ್ಲ. ನಮ್ಮ ಕೌದಿ ನೋಡಿ, "ಚೆನ್ನಾಗಿದೆ, ಆದರೆ ಫಿನಿಶಿಂಗ್ ಇಲ್ಲ. ನಾಲ್ಕೂ ಕಡೆ ಚಪ್ಪಟೆಯಾಗಿ, ಸಮವಾಗಿ ಪಟ್ಟಿ ಬರಬೇಕು" ಅಂದ್ಲು. ಬರ್ಲಿ. ಒದ್ದೆ ಸೀರೆ ಮಡಚೋವಾಗ ಇಬ್ಬರು ಎರಡು ತುದಿ ಹಿಡಿದು ಜಗ್ತೀವಲ್ಲ, ಹಾಗೆ ನಾವು ಕೌದಿ ಜಗ್ಗಿ ಹಿಡಿಯೋದು, ಅವಳು ಅಂಚಿನುದ್ದಕ್ಕೂ ಟೇಪು ಇಟ್ಟು ಅಳೆಯೋದು. ಇಪ್ಪತ್ತು ವರ್ಷ ಒಗೆದು ಒಗೆದು ಸೋತ ಸೀರೆ ಅದು, ಎಳೆದಷ್ಟೂ ಬರ್ತದೆ. ಆ ಅಳತೆಗೆ ಹೊಸ ಬಟ್ಟೆ ಪಟ್ಟಿ ಕತ್ತರಿಸಿ ಹೊಲಿದ್ರೆ ಏನಾಗ್ತದೆ ಹೇಳು? ಕೈ ಬಿಟ್ಟ ಕೂಡ್ಲೆ ಕೌದಿ ತನ್ನ ಜಾಗಕ್ಕೆ ವಾಪಸು ಬಂತು, ಪಟ್ಟಿ ಬರ್ಲಿಲ್ಲ. ಹಪ್ಪಳ. ನೀರು ಚಿಮುಕಿಸಿ ಮೇಲೆ ರುಬ್ಬೋ ಕಲ್ಲು ಹೇರಿಸಿದ್ಲು ಮಹಾತಾಯಿ. ಕಲ್ಲಿನ ಗುರುತು ಬಿತ್ತು, ಹಪ್ಪಳ ಹಪ್ಪಳವೇ. ನಾನು, "ಮೇಡಂ, ನಿಮ್ಮ ಟೇಪೇ ಸುಳ್ಳು ಹೇಳ್ತದೆ" ಅಂದೆ. ಬಾಯಿ ಆಗ್ಲೂ ಹೀಗೇ ಇತ್ತು. ಅವಳು ನನ್ನ ಮುಖವನ್ನೂ ನೋಡದೆ, "ಸರೋಜಾ, ತಪ್ಪು ನಿಮ್ಮ ಕೈಯಲ್ಲಿದೆ. ಸೋಮವಾರ ಇದೊಂದು ಚಪ್ಪಟೆಯಾಗಿ ಬರದಿದ್ದರೆ ನೀವು ಬರೋದು ಬೇಡ" ಅಂದ್ಲು.

ಕೌದಿ ಹೊತ್ಕೊಂಡು ಮನೆಗೆ ಬಂದೆ. ಗಂಗವ್ವ ಬನವಾಸಿ ಕಡೆಯವಳು, ನಾಲಿಗೆ ಅಂದ್ರೆ ಕುಡುಗೋಲು. "ಏನವಾ ಇದು, ನಾಲ್ಕೂ ಮೂಲಿ ಹೆಡಿ ಎತ್ತ್ಯಾವಲ್ಲ?" ಅಂದ್ಲು. "ನಿಮಗೆ ತಿಳೀದು ಅತ್ತೆ, ಇದಕ್ಕೆ ಫಿನಿಶಿಂಗ್ ಅಂತಾರೆ." "ಹೌದೌದು, ನಿನ್ನ ಫಿನಿಶಿಂಗ್ ನೋಡಿ ಕೂಸು ಅಂಜಕೊಂಡೈತಿ. ಬಿಚ್ಚು." ಬಿಚ್ಚಿದೆ. ಮತ್ತೆ ಜಗ್ಗೋಕೆ ಹೋದ್ರೆ ಕೈಮೇಲೆ ಒಂದು ಕೊಟ್ಲು. "ಜಗ್ಗಬ್ಯಾಡ. ಹುಲ್ಲಿನ ಮ್ಯಾಲೆ ಎಮ್ಮಿ ಮಲಗಿದ್ಹಂಗ ಮಲಗ್ಲಿ ಅದು. ಅಂಚು ಎಲ್ಲಾರ ಕೈಯಾಗ ಸಿಕ್ಕು ಉದ್ದ ಆಗೈತಿ, ಅದರ ಮಾತು ಕೇಳಬ್ಯಾಡ. ಹೊಟ್ಟಿ ಅಳಿ." ಕೌದಿನ ಅರ್ಧಕ್ಕೆ ಮಡಚಿ, ಮಡಿಕೆ ಮೇಲೆ, ಅಂದ್ರೆ ನಟ್ಟನಡುವೆ, ಚೀಲದ ಬಾಯಿ ಕಟ್ಟೋ ಹುರಿ ಇಟ್ಟು ಗಂಟು ಹಾಕಿದ್ಲು. ಆ ಉದ್ದಕ್ಕೇ ಎರಡು ಪಟ್ಟಿ. ಅಂಚಿಗೆ ಹಿಡಿದ್ರೆ ನಾಲ್ಕು ಬೆರಳು ಕಮ್ಮಿ. "ಸಾಲೂದಿಲ್ಲ ಅತ್ತೆ." "ಸಾಲಿಸು. ಪಟ್ಟಿಗೆ ಕೌದಿ ಹೊಂದಿಸು, ಕೌದಿಗೆ ಪಟ್ಟಿ ಜಗ್ಗಬ್ಯಾಡ." ಪಟ್ಟಿನೂ ನಾಲ್ಕು ಮಡಿಕೆ, ಅಂಚೂ ನಾಲ್ಕು ಮಡಿಕೆ, ಗುರುತಿಗೆ ಗುರುತು ಕೂಡಿಸಿ, ನಡುವೆ ಮಿಕ್ಕಿದ್ದನ್ನ ಸ್ವಲ್ಪಸ್ವಲ್ಪವೇ ಒಳಗೆ ಸೇರಿಸ್ತಾ ಹೊಲಿದ್ವಿ. ಉದ್ದದ ಎರಡು ಆದ್ಮೇಲೆ ಮತ್ತೆ ನಡು ಅಳೆದು ಅಡ್ಡದ ಎರಡು. ನೆಲಕ್ಕೆ ಹಾಸಿದ್ರೆ, ನಿಜ ಹೇಳ್ತೀನಿ, ಸೆಗಣಿ ಸಾರಿಸಿದ ಹಾಗೆ ಕೂತಿತ್ತು. ಗಂಗವ್ವ ಒಂದೇ ಒಂದು ಕೇಳಿದ್ಲು. "ಯಾರು ಕಲಿಸಿದ್ರು ಅಂದ್ರ ನನ್ನ ಹೆಸರ ಹೇಳ. ಬನವಾಸಿ ಗಂಗವ್ವ ಅನ್ನು."

ಸೋಮವಾರ ಮೇಡಂ ಕೌದಿ ಮೇಲೆ ಅಂಗೈ ಸವರಿದ್ಲು, ಬಗ್ಗಿ ನೋಡಿದ್ಲು. "ಯಾರು ಹೇಳಿಕೊಟ್ಟರು?" ನನಗೇನು ಅನ್ನಿಸ್ತು ಅಂದ್ರೆ, ಮನೇಲಿ ಕೂತ ಮುದುಕಿಗೆ ಗೊತ್ತು ಅಂದ್ರೆ ಇವಳು ನನ್ನ ಯಾಕೆ ಇಟ್ಕೋತಾಳೆ? "ಯಾರೂ ಇಲ್ಲ ಮೇಡಂ, ನಾನೇ ಯೋಚನೆ ಮಾಡಿದೆ" ಅಂದೆ. ನಡು ಅಳೆಯೋದು ಹೇಗೆ ಅಂತ ಅವಳಿಗೂ ತೋರಿಸಿಕೊಟ್ಟೆ, ಕೆಲಸ ಉಳೀತು. ಮನೆಗೆ ಬಂದ್ರೆ ಗಂಗವ್ವ ಬಾಗಿಲಲ್ಲೇ. "ಹೆಸರ ಹೇಳಿದ್ಯಾ?" "ಹೇಳಿದೆ ಅತ್ತೆ." "ಏನಂದ್ಲು?" "ಬಹಳ ಖುಷಿಪಟ್ರು." ಅವತ್ತಿಂದ ಆ ಹುರಿನ ಗೋಡೆ ಮೊಳೆಗೆ ನೇತು ಹಾಕಿ, ಬಂದೋರಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

ಎರಡು ತಿಂಗಳಾದ್ಮೇಲೆ ಹುಬ್ಬಳ್ಳೀಲಿ ಒಂದು ತರಬೇತಿ. ನಮ್ಮ ಮೇಡಂ ಕರಿಹಲಗೆ ಮೇಲೆ ಗೆರೆ ಎಳೆದು, "ನಡು ಅಳೆಯುವ ಈ ವಿಧಾನ ನಾನೇ ರೂಪಿಸಿದ್ದು" ಅಂತ ಪಾಠ ಮಾಡ್ತಿದ್ದಾಳೆ, ಎಲ್ಲರೂ ಬರ್ಕೋತಿದ್ದಾರೆ, ನಾನು ಪಕ್ಕದಲ್ಲಿ ಕೌದಿ ತುದಿ ಹಿಡ್ಕೊಂಡು ನಿಂತಿದ್ದೀನಿ. ಮೈಯೆಲ್ಲ ಉರೀತು ಮಾರಾಯ್ತಿ. ಆದ್ರೆ ನಾನು ಕದ್ದದ್ದನ್ನೇ ಅವಳು ಕದ್ದಿದ್ಲು, ದೂರು ಯಾರಿಗೆ ಕೊಡೋದು? ಅಷ್ಟಾದ್ರೂ ಬುದ್ಧಿ ಬಂತಾ? ಇಲ್ಲ. ಮುಂದೆ ನನ್ನನ್ನೇ ಕಲಿಸೋಕೆ ಕರೆಯೋ ಕಾಲ ಬಂತು. ಸೂರತ್ತು, ಭುಜ್, ಗುವಾಹಟಿ, ಕೊನೆಗೆ ವಿಮಾನ ಹತ್ತಿ ಜರ್ಮನಿ, ಹೋದಲ್ಲೆಲ್ಲ ಹುರಿ ಇಟ್ಟು ತೋರಿಸಿ "ನನ್ನ ಪದ್ಧತಿ" ಅಂದೆ, ಚಪ್ಪಾಳೆ ತಗೊಂಡೆ. ಗಂಗವ್ವ ಸಾಯೋವರೆಗೂ ಅವಳ ಹೆಸರು ಶಿರಸಿ ದಾಟಿ ಹೋಗಿದೆ ಅಂತಲೇ ತಿಳಿದಿದ್ಲು. ನಮ್ಮ ಓಣಿ ದಾಟಿರ್ಲಿಲ್ಲ.

ಹುರಿ ಅಲ್ಲೇ ಮೊಳೆಯಲ್ಲಿದೆ, ತಾ. ಮೊದಲು ಪಟ್ಟಿ ಬಿಚ್ಚು. ಯಾರು ಕಲಿಸಿದ್ರು ಅಂತ ಕೇಳಿದ್ರೆ ಬನವಾಸಿ ಗಂಗವ್ವ ಅನ್ನು, ನನ್ನ ಹೆಸರು ಬೇಡ. ಕಲಿಸಿದವರ ಹೆಸರು ಹೇಳಿದ್ರೆ ನಾಲಿಗೆ ಏನೂ ಸವೆಯೂದಿಲ್ಲ.