ಪಂಚಮಿಗೆ ಬಂದ ಅಕ್ಕಂದಿರು

ಎದುರಿಗೆ ಯಾವ ಹೆಂಗಸು ಬಂದರೂ ಕತ್ತು ವಾಲಿಸಿ, ಕೈ ಮುಗಿದು, "ಅಕ್ಕಾ" ಅನ್ನುವುದು ದ್ಯಾಮಣ್ಣನ ರೂಢಿ. ಮಜ್ಜಿಗೆ ಬೇಕೇ? ಅಕ್ಕಾ. ಉಪ್ಪಿನಕಾಯಿ ಬೇಕೇ? ಅಕ್ಕಾ. ಒಲೆಗೆ ಕೆಂಡ ಬೇಕೇ? ಅಕ್ಕಾ. ಯಾವ ಊರಿನವ ಅಂತ ಕೇಳಬೇಡಿ. ಹೊಳೆಯಾಚೆ ಒಂದೂರು, ಅದರಾಚೆ ಇನ್ನೊಂದೂರು, ಅದಕ್ಕೂ ಆಚೆಯ ಊರಿನ ಮಾತು ಇದು. ಹೂಂ ಅನ್ನುತ್ತಾ ಕೇಳಿ.

ಆ ಊರಲ್ಲಿ ಸಂಕವ್ವ ಅಂತ ಒಬ್ಬಳಿದ್ದಳು. ಗಂಡ ಹಾಸಿಗೆ ಹಿಡಿದಿದ್ದ. ತಾವಿರುವ ಗುಡಿಸಲು ಬಿಟ್ಟರೆ ಬಾಡಿಗೆಗೆ ಕೊಡುವ ಒಂದು ಮನೆ, ಅಷ್ಟೇ ಆಸ್ತಿ. ಬಾಡಿಗೆ ಬಂದರೆ ಒಲೆ ಉರಿಯಬೇಕು, ಇಲ್ಲದಿದ್ದರೆ ಇಲ್ಲ.

ಆ ಮನೆಯಲ್ಲಿದ್ದ ಗಾಣಿಗ ಊರು ಬಿಟ್ಟ. ಅವನ ಮನೆಗೆ ಊಟಕ್ಕೆ ಬಂದಿದ್ದ ನೆಂಟ ಮಾತ್ರ ಊರೂ ಬಿಡಲಿಲ್ಲ, ಮನೆಯೂ ಬಿಡಲಿಲ್ಲ, ಬಾಡಿಗೆಯನ್ನೂ ಕೊಡಲಿಲ್ಲ. ಯಾರು ಹೇಳಿ ಆ ನೆಂಟ? ಹೂಂ, ಅವನೇ, ದ್ಯಾಮಣ್ಣ! ಹೆಂಡತಿ ಕಾಳವ್ವನನ್ನೂ ಕರೆಸಿಕೊಂಡ. ನಡುಮನೆಯಲ್ಲಿ ಹಿಂದೆಂದೋ ಮಗ್ಗ ಹೂಡಲು ತೋಡಿದ್ದ ಕುಣಿಯಲ್ಲಿ ಉಳ್ಳಾಗಡ್ಡಿ ತುಂಬಿಟ್ಟ.

ಅದೇ ಮನೆಯನ್ನು ಸಂಕವ್ವ ನೇಕಾರ ಚನ್ನಮಲ್ಲನಿಗೆ ಕೊಡುವ ಮಾತಾಡಿದ್ದಳು. ಅವನ ಮಗ್ಗ ಬಿಡಿಬಿಡಿಯಾಗಿ ಅವಳ ಅಂಗಳದಲ್ಲಿ, ಗಾಡಿಯ ಮೇಲೆ. ಮಗ್ಗದ ಮೇಲೆ ಕೋಳಿಗಳು.

ಸಂಕವ್ವ ಹೋಗಿ, "ಮನಿ ಬಿಡಪಾ" ಅಂದಳು. ದ್ಯಾಮಣ್ಣ ಕಾಲಿಗೇ ಬಿದ್ದ. "ಅಕ್ಕಾ! ತಮ್ಮನ್ನ ಬೀದಿಗೆ ಹಾಕ್ತಿಯೇನ?" ಬಿಡಿಸಲು ಹೋದವಳು ನೂರು ವರ್ಷ ಬಾಳು ಅಂತ ಹರಸಿ ಬಂದಳು.

ಊರ ಗೌಡನನ್ನು ಕರೆದೊಯ್ದಳು. "ಅಕ್ಕ ತಮ್ಮನ ನಡುವಿನ ಮಾತಿಗೆ ಗೌಡ್ರು ಯಾಕ?" ಅಂದ ದ್ಯಾಮಣ್ಣ. ಗೌಡ ಚಹಾ ಕುಡಿದು, "ಮನಿ ಜಗಳ ಮನ್ಯಾಗ ಮುಗಿಸ್ಕೋರಿ" ಅಂತ ಎದ್ದ.

ಮೂರನೆಯ ಸಲ ಬೀಗ ಹಿಡಿದು ಹೋದಳು. "ಬಾಳ ಚಲೋ ಆತಕ್ಕಾ, ನಮ್ಮನಿಗೆ ಒಂದು ಬೀಗ ಬೇಕಾಗಿತ್ತು" ಅಂತ ಕಿತ್ತುಕೊಂಡ!

ಚನ್ನಮಲ್ಲ ಮೆಲ್ಲಗೆ ಹೇಳಿದ: "ಪಂಚಮಿ ಮುಗಿಯೂತನಾ ನೋಡ್ತೀನವ್ವಾ. ಆಮ್ಯಾಲ ಬ್ಯಾರೆ ಊರಿಗೆ ಗಾಡಿ ಹೂಡ್ತೀನಿ."

ಪಂಚಮಿ! ಹೆಣ್ಣುಮಕ್ಕಳು ಅಣ್ಣತಮ್ಮಂದಿರ ಮನೆಗೆ ಹೋಗಿ ಉಂಡಿ ತಿನ್ನುವ ಹಬ್ಬ, ಜೋಕಾಲಿ ಜೀಕುವ ಹಬ್ಬ. ಸಂಕವ್ವ ಎದ್ದು ನಿಂತಳು.

ಹಬ್ಬದ ದಿನ ಗಂಟು ಕಂಕುಳಲ್ಲಿಟ್ಟು ದ್ಯಾಮಣ್ಣನ ಬಾಗಿಲಿಗೆ ಬಂದಳು. "ತಮ್ಮಾ, ತವರಿಗೆ ಬಂದೀನಿ. ಕಾಲಿಗೆ ನೀರು ಕೊಡು."

ಹಿಂದೆಯೇ ಮಜ್ಜಿಗೆಯ ನಿಂಗವ್ವ. "ನನಗೂ ಅಕ್ಕಾ ಅಂದೀಯಲ್ಲ ತಮ್ಮಾ!" ಅವಳ ಹಿಂದೆ ಉಪ್ಪಿನಕಾಯಿಯವಳು. ಅವಳ ಹಿಂದೆ ಕೆಂಡದವಳು. ಅವಳ ಹಿಂದೆ ಇಡೀ ಓಣಿ!

ತೊಲೆಗೆ ಜೋಕಾಲಿ ಬಿತ್ತು. ಕಾಳವ್ವ ಶೇಂಗಾದ ಉಂಡಿ ಕಟ್ಟಿದಳು, ಎಳ್ಳಿನ ಉಂಡಿ ಕಟ್ಟಿದಳು, ಹುರಿಗಡಲೆಯ ಉಂಡಿ ಕಟ್ಟಿದಳು. ಅಂಗೈಗಳು ಕೆಂಪಾದವು. "ನಿನ್ನ ಬಾಯಾಗ ಮಣ್ಣು ಹಾಕ! ಎಷ್ಟು ಮಂದಿ ಅಕ್ಕಗೋಳನ್ನ ಮಾಡಿಟ್ಟೀ?" ಅಂತ ಗಂಡನ ಮೇಲೆ ಹರಿಹಾಯ್ದಳು.

ಹಬ್ಬ ಮುಗಿಯಿತು. ಉಂಡಿಯ ವಾಸನೆಗೆ ಗೌಡನೂ ಬಂದು ಕೂತಿದ್ದ. ಸಂಕವ್ವ ಅಂದಳು, "ತಮ್ಮಾ, ಇನ್ನ ಉಡಿ ತುಂಬಿ ಕಳಸು. ಒಬ್ಬೊಬ್ಬರಿಗೆ ಸೀರಿ, ಕುಬಸ, ಕೈತುಂಬ ಬಳಿ."

ದ್ಯಾಮಣ್ಣ ಸಾಲು ನೋಡಿದ. ಸಾಲು ಬೀದಿಯ ತಿರುವಿನವರೆಗೆ ಇತ್ತು.

"ನಾ ಯಾರ ತಮ್ಮನೂ ಅಲ್ಲ!" ಅಂತ ಚೀರಿದ. "ಯಾವ ಅಕ್ಕನೂ ಇಲ್ಲ ನನಗ!"

ಗೌಡ ಉಂಡಿ ನುಂಗಿ ಕೇಳಿದ: "ತಮ್ಮ ಅಲ್ಲಂದ್ರ ಈ ಮನ್ಯಾಗ ನೀ ಯಾರೋ?"

ದ್ಯಾಮಣ್ಣ ಹೆಂಡತಿಯ ಕಡೆ ತಿರುಗಿದ. ಅಷ್ಟರಲ್ಲಿ ಕಾಳವ್ವ ಉಳ್ಳಾಗಡ್ಡಿ ಮೂಟೆ ಕಟ್ಟಿ ಹೊಸಿಲು ದಾಟಿಯಾಗಿತ್ತು. ಅವನೂ ಹಿಂದೆಯೇ ಓಡಿದ.

ಅವರು ಅತ್ತ ಹೋದರು, ಕಥೆ ಇತ್ತ ಉಳಿಯಿತು. ಕಥೆಯ ಬಾಲ ಇನ್ನೂ ಚೂರಿದೆ, ಏಳಬೇಡಿ.

ಚನ್ನಮಲ್ಲನ ಗಾಡಿ ಬಾಗಿಲಿಗೆ ಬಂತು. ಒಳಗೆ ಹೆಂಗಸರು ಹಾಡುತ್ತಿದ್ದರು. ನಿಂಗವ್ವ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಉಂಡಿ ಮುರಿಯುತ್ತಿದ್ದಳು. ಕೆಂಡದವಳು ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದಳು. ಜೋಕಾಲಿ ಸೂರಿನ ತನಕ ಹೋಗಿ ಬರುತ್ತಿತ್ತು.

ಸಂಕವ್ವ ಸೆರಗು ಸಿಕ್ಕಿಸಿ ನಡುಮನೆಯಲ್ಲಿ ನಿಂತಳು.

"ಏಳ್ರವಾ ನಮ್ಮವ್ವಗೋಳ್ರಾ, ಮಗ್ಗ ಇಳಸಬೇಕು. ಇನ್ನ ನೀವೂ ಮನಿ ಬಿಡ್ರಲಾ?"